‘ದಿ ಪಬ್ಲಿಕ್ ಎನಿಮಿ’ (1931): ನೋಡಿದವರೂ ನೋಡಲಿರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಾನನಿಷೇಧ ಕಾಲದ ಕಳ್ಳ ಬಿಯರ್ ದಂಧೆಯ ಮೇಲೆ ಬಂದ ಹಳೆಯ ಚಿತ್ರಗಳಲ್ಲಿ ಇದರಷ್ಟು ವಾದಕ್ಕೆ ಸಿಕ್ಕಿದ್ದು ಕಡಿಮೆ. ಒಬ್ಬರು ‘ಇವತ್ತಿಗೂ ಮೈ ಜುಂ ಅನ್ನುತ್ತೆ’ ಎಂದರೆ, ಪಕ್ಕದಲ್ಲೇ ಕೂತು ನೋಡಿದವರು ‘ಒಂದು ಕೊಲೆಯನ್ನೂ ಸರಿಯಾಗಿ ತೋರಿಸಿಲ್ಲ’ ಅಂತ ಗೊಣಗುತ್ತಾರೆ. ಈ ಚಿತ್ರದ ಅರ್ಧ ಕಥೆ ನಡೆಯುವುದು ಶಬ್ದದಲ್ಲಿ. ಕಿವಿ ಕೊಟ್ಟವರ ಅಭಿಪ್ರಾಯ ಒಂದಾಗುತ್ತದೆ, ಕೊಡದವರದ್ದು ಇನ್ನೊಂದು. ಕೆಳಗಿನ ಉತ್ತರಗಳಲ್ಲಿ ಕಥೆಯ ತಿರುವುಗಳು, ಕೊನೆಯ ದೃಶ್ಯ ಎಲ್ಲವೂ ಬರುತ್ತವೆ. ಇನ್ನೂ ನೋಡದವರು 16ನೇ ಪ್ರಶ್ನೆಯನ್ನು ‘ಮೂರನೆಯದು’ ಎಂಬಲ್ಲಿವರೆಗೆ, ಆಮೇಲೆ 17, 18ನ್ನು ಮಾತ್ರ ಓದಿ, ಚಿತ್ರ ನೋಡಿದ ಮೇಲೆ ಉಳಿದದ್ದಕ್ಕೆ ಬನ್ನಿ.

1. ಯಾರ ಚಿತ್ರ, ಯಾರು ಯಾರಿದ್ದಾರೆ?

ವಾರ್ನರ್ ಬ್ರದರ್ಸ್ ತಯಾರಿಕೆ, ನಿರ್ದೇಶನ ವಿಲಿಯಂ ವೆಲ್‌ಮನ್. ತೆರೆಗೆ ಬಂದದ್ದು 1931ರ ಏಪ್ರಿಲ್‌ನಲ್ಲಿ. ಟಾಮ್ ಪವರ್ಸ್ ಆಗಿ ಜೇಮ್ಸ್ ಕ್ಯಾಗ್ನಿ, ಅವನ ಜೀವದ ಗೆಳೆಯ ಮ್ಯಾಟ್ ಡಾಯ್ಲ್ ಆಗಿ ಎಡ್ವರ್ಡ್ ವುಡ್ಸ್, ಅಣ್ಣ ಮೈಕ್ ಆಗಿ ಡೊನಾಲ್ಡ್ ಕುಕ್, ತಾಯಿಯಾಗಿ ಬೆರಿಲ್ ಮರ್ಸರ್. ಜೀನ್ ಹಾರ್ಲೋ, ಜೋನ್ ಬ್ಲಾಂಡೆಲ್, ಮೇ ಕ್ಲಾರ್ಕ್ ಇದ್ದಾರೆ. ಕಥೆ ಬರೆದವರು ಕ್ಯೂಬೆಕ್ ಗ್ಲಾಸ್ಮನ್ ಮತ್ತು ಜಾನ್ ಬ್ರೈಟ್. ಗ್ಲಾಸ್ಮನ್ ಶಿಕಾಗೋದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದವನು. ನಿಷೇಧದ ಕಾಲದಲ್ಲಿ ವೈದ್ಯರ ಚೀಟಿ ಇದ್ದರೆ ವಿಸ್ಕಿ ಸಿಗುತ್ತಿದ್ದ ಜಾಗ ಅದೇ ಆದ್ದರಿಂದ, ದಂಧೆಯ ಒಳಗುಟ್ಟು ಅವನ ಕೌಂಟರ್‌ಗೆ ತಾನಾಗಿ ಬಂದಿರಬೇಕು. ಕಥೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಬರಲಿಲ್ಲ.

2. ಬ್ಯಾಂಕ್ ದರೋಡೆ ಮಾಡುವವನ ಚಿತ್ರ ತಾನೇ?

ಅಲ್ಲ. ಅದು ಡಿಲಿಂಜರ್ ಎಂಬ ದರೋಡೆಕೋರನ ಮೇಲೆ 2009ರಲ್ಲಿ ಬಂದದ್ದು, ಹೆಸರು ಬಹುವಚನದಲ್ಲಿದೆ. ಹುಡುಕುವಾಗ ಹೆಸರಿನ ಜೊತೆ 1931 ಅಂತ ಸೇರಿಸಿ, ಇಲ್ಲದಿದ್ದರೆ ಮೊದಲು ಬರುವುದು ಅದೇ.

3. ಇದು ಕಳ್ಳಭಟ್ಟಿ ಚಿತ್ರ ಅನ್ನಬಹುದಾ?

ಹಾಗಂದುಕೊಂಡು ಕೂತವರಿಗೆ ನಿರಾಸೆ ಖಂಡಿತ. ನಮ್ಮಲ್ಲಿ ಕಳ್ಳಭಟ್ಟಿ ಎಂದರೆ ಕೊಳೆ ಹಾಕಿ, ಒಲೆ ಹೂಡಿ, ಬಟ್ಟಿ ಇಳಿಸುವುದು. ಈ ಚಿತ್ರದಲ್ಲಿ ಯಾರೂ ಒಂದು ಹಂಡೆಯನ್ನೂ ಒಲೆ ಮೇಲಿಡುವುದಿಲ್ಲ. ಟಾಮ್ ಮತ್ತು ಮ್ಯಾಟ್ ಮಾಡುವ ಕೆಲಸ ಮೂರು: ಕದಿಯುವುದು, ಸಾಗಿಸುವುದು, ಅಂಗಡಿಯವನ ಕತ್ತಿನ ಪಟ್ಟಿ ಹಿಡಿದು ಮಾರುವುದು. ಕರ್ನಾಟಕದಲ್ಲಿ ಸುಂಕ ಕಟ್ಟದೆ ಸಾಗುವ ಮಾಲಿಗೆ ‘ಸೆಕೆಂಡ್ಸ್’ ಅನ್ನುತ್ತಾರಲ್ಲ, ಈ ದಂಧೆ ಅದಕ್ಕೆ ಹೆಚ್ಚು ಹತ್ತಿರ. ಬೂಟ್‌ಲೆಗಿಂಗ್ ಎಂಬ ಪದವೂ ಕಾಯಿಸುವುದಕ್ಕೆ ಸಂಬಂಧಪಟ್ಟದ್ದಲ್ಲ. ಬೂಟಿನ ಉದ್ದ ಕಾಲಿನೊಳಗೆ ಚಪ್ಪಟೆ ಬಾಟಲಿ ಬಚ್ಚಿಟ್ಟು ಒಯ್ಯುವುದರಿಂದ ಬಂದದ್ದು.

ಆದರೆ ಬಿಯರ್ ಬೂಟಿನೊಳಗೆ ಹೋಗುವ ಸರಕಲ್ಲ. ಚಿತ್ರದ ರಕ್ತಪಾತಕ್ಕೆಲ್ಲ ಮೂಲ ಇಲ್ಲೇ ಇದೆ, ಬಹಳ ಮಂದಿ ಗಮನಿಸುವುದಿಲ್ಲ. ಅಮೆರಿಕದ ಬಿಯರ್ ಬ್ಯಾರಲ್ ಎಂದರೆ 31 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 117 ಲೀಟರ್. ಒಳಗಿನ ಬಿಯರ್ ಒಂದೇ 118 ಕೆ.ಜಿ. ಹತ್ತಿರ ತೂಗುತ್ತದೆ, ಮರದ ಪೀಪಾಯಿಯ ತೂಕ ಬೇರೆ. ಅದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ವಿಸ್ಕಿಯನ್ನು ಕೆನಡಾದಿಂದ ತಂದರೂ ಗಿಟ್ಟುತ್ತದೆ. ಇಷ್ಟು ನೀರನ್ನು ದೂರದಿಂದ ಕದ್ದು ತಂದರೆ ಗಿಟ್ಟುವುದಿಲ್ಲ, ಬಚ್ಚಿಡಲೂ ಆಗುವುದಿಲ್ಲ. ಹಾಗಾಗಿ ಊರೊಳಗೇ ತಯಾರಾಗಬೇಕು, ಲಾರಿಯಲ್ಲಿ ಬೀದಿ ಮೇಲೇ ಹೋಗಬೇಕು, ದಾರಿಯ ಪೊಲೀಸರಿಗೆ ಮಾಮೂಲು ಹೋಗಬೇಕು, ಪ್ರತಿ ಅಡ್ಡೆಯ ನಲ್ಲಿಯೂ ನಮ್ಮದೇ ಆಗಿರಬೇಕು. ‘ಈ ಏರಿಯಾ ನಮ್ದು’ ಎಂಬ ಜಗಳ ಹುಟ್ಟುವುದು ಅಲ್ಲಿಂದ. ಟಾಮ್ ಒಂದು ಅಡ್ಡೆಗೆ ನುಗ್ಗಿ, ಎದುರಾಳಿಯ ಬಿಯರ್ ರುಚಿ ನೋಡಿ, ಅದನ್ನು ಬಾರ್‌ನವನ ಮುಖಕ್ಕೇ ಉಗುಳಿ, ನಲ್ಲಿ ತಿರುಗಿಸಿ ಹರಿಯಬಿಡುವ ದೃಶ್ಯವಿದೆಯಲ್ಲ, ಆ ಹೊತ್ತಿನಲ್ಲಿ ಅವನೊಬ್ಬ ಸೇಲ್ಸ್‌ಮನ್ ಎಂಬುದನ್ನು ನೆನಪಿಟ್ಟು ನೋಡಿ.

4. ನಿಷೇಧ ಇದ್ದಾಗ ಬ್ರೂವರಿ ಹೇಗೆ ನಡೆಯುತ್ತಿತ್ತು? ಚಿತ್ರದಲ್ಲಿ ಒಬ್ಬ ಬ್ರೂವರಿ ಮಾಲೀಕ ಗತ್ತಿನಿಂದ ಬಂದು ಕೂರುತ್ತಾನಲ್ಲ.

ಚಿತ್ರ ಇದನ್ನು ವಿವರಿಸದೆ ದಾಟಿಬಿಡುತ್ತದೆ, 1931ರ ಪ್ರೇಕ್ಷಕನಿಗೆ ಹೇಳುವ ಅಗತ್ಯ ಇರಲಿಲ್ಲ. ಅಲ್ಲಿನ ಕಾನೂನಿನಲ್ಲಿ ಅಮಲು ಪಾನೀಯದ ಗೆರೆ ನೂರಕ್ಕೆ 0.5ರಷ್ಟು ಆಲ್ಕೋಹಾಲ್. ಅದಕ್ಕಿಂತ ಕೆಳಗಿನ ‘ಬಿಯರ್ ತರಹದ’ ಪಾನೀಯಕ್ಕೆ ಲೈಸೆನ್ಸ್ ಇತ್ತು. ಅದನ್ನು ತಯಾರಿಸುವ ಕ್ರಮ ನೋಡಿ: ಮೊದಲು ನಿಜವಾದ ಬಿಯರ್ ಮಾಡಬೇಕು, ಆಮೇಲೆ ಅದರಿಂದ ಆಲ್ಕೋಹಾಲ್ ತೆಗೆಯಬೇಕು. ಅಂದರೆ ಲೈಸೆನ್ಸ್ ಇದ್ದ ಪ್ರತಿ ಕಾರ್ಖಾನೆಯಲ್ಲೂ ಅಸಲಿ ಬಿಯರ್ ಒಂದು ಹಂತದಲ್ಲಿ ಕಾನೂನುಬದ್ಧವಾಗಿಯೇ ಇರುತ್ತಿತ್ತು. ಕೊನೆಯ ಹಂತ ಬಿಟ್ಟು ಪೀಪಾಯಿಗೆ ತುಂಬಿದರೆ ಮುಗಿಯಿತು. ಇನ್ನೊಂದು ದಾರಿ, ಸಪ್ಪೆ ಬಿಯರ್ ಅಡ್ಡೆಗೆ ಬಂದ ಮೇಲೆ ಅದಕ್ಕೆ ಆಲ್ಕೋಹಾಲ್ ಚುಚ್ಚುವುದು. ಸೂಜಿ ಬಿಯರ್ ಅಂತಲೇ ಅದಕ್ಕೆ ಹೆಸರು. ಕೈಗಾರಿಕೆಗೆಂದು ವಿಷ ಬೆರೆಸಿದ ಆಲ್ಕೋಹಾಲ್ ಅದರೊಳಗೆ ಸೇರಿದರೆ ಕುಡಿದವರ ಕಣ್ಣು, ಕೆಲವೊಮ್ಮೆ ಪ್ರಾಣ ಹೋಗುತ್ತಿತ್ತು. ಮೆಥನಾಲ್ ಮಾಡುವ ಅನಾಹುತವನ್ನು ಬೆಂಗಳೂರು 1981ರಲ್ಲಿ ಕಂಡಿದೆ.

ಚಿತ್ರದ ಮಾಲೀಕ ಕಾನೂನು, ಸಮಾಜಸೇವೆ ಎಂಬ ದೊಡ್ಡ ಮಾತಿನಿಂದ ಶುರು ಮಾಡಿ ಲಾಭದ ಪಾಲಿನ ಮಾತಿಗೆ ಇಳಿಯುವುದನ್ನು ನಿಧಾನವಾಗಿ ನೋಡಿ. ಇಡೀ ಚಿತ್ರದಲ್ಲಿ ಇಷ್ಟು ತಣ್ಣಗಿನ ವ್ಯಂಗ್ಯ ಮತ್ತೊಂದು ಕಡೆ ಇಲ್ಲ.

5. ಮಗುವಿನ ತಳ್ಳುಗಾಡಿಯಲ್ಲಿ ಬಾಟಲಿ ತುಂಬಿಕೊಂಡು ಓಡುವ ಆ ರಾತ್ರಿ ನಿಜಕ್ಕೂ ಹಾಗಿತ್ತಾ?

ಅರ್ಧ ನಿಜ. ರಾಷ್ಟ್ರವ್ಯಾಪಿ ನಿಷೇಧ ಜಾರಿಯಾದದ್ದು 1920ರ ಜನವರಿ 17ರಂದು. ತಯಾರಿಕೆ, ಮಾರಾಟ, ಸಾಗಣೆ ಅಪರಾಧವಾಯಿತು. ಮನೆಯಲ್ಲಿ ಮೊದಲೇ ಇಟ್ಟುಕೊಂಡದ್ದನ್ನು ಕುಡಿದರೆ ಅಪರಾಧವಿರಲಿಲ್ಲ. ಆದ್ದರಿಂದ ಗಡುವಿಗೆ ಮುಂಚೆ ಮನೆ ತುಂಬಿಸಿಕೊಳ್ಳುವ ಧಾವಂತ ಸಹಜ. ಆದರೆ ಯುದ್ಧಕಾಲದ ನಿಷೇಧವೊಂದು 1919ರ ಜೂನ್ 30ರಿಂದಲೇ ಮಾರಾಟವನ್ನು ತಡೆದಿತ್ತು. ಹಾಗಾಗಿ ಜನವರಿಯ ಆ ರಾತ್ರಿ ಅಂಗಡಿಯವನು ಬಾಗಿಲು ತೆರೆದು ಹಾಗೆ ರಾಜಾರೋಷವಾಗಿ ‘ಸ್ಟಾಕ್ ಕ್ಲಿಯರೆನ್ಸ್’ ಮಾಡುವಂತಿರಲಿಲ್ಲ. ವೆಲ್‌ಮನ್ ಇತಿಹಾಸವನ್ನು ಆರು ತಿಂಗಳು ಆಚೀಚೆ ಮಾಡಿದ್ದಾನೆ. ಆ ತಳ್ಳುಗಾಡಿಯನ್ನು ನೋಡಿದರೆ ಕ್ಷಮಿಸಬಹುದು.

6. ಗೋದಾಮಿನಿಂದ ಮದ್ಯ ಕದಿಯಲು ಪೆಟ್ರೋಲ್ ಟ್ಯಾಂಕರ್ ಯಾಕೆ?

ನಿಷೇಧಕ್ಕೆ ಮುಂಚಿನ ದಾಸ್ತಾನು ಸರ್ಕಾರಿ ಸೀಲ್ ಬಿದ್ದ ಗೋದಾಮುಗಳಲ್ಲಿತ್ತು. ಪೀಪಾಯಿಗಳನ್ನು ಉರುಳಿಸಿ ಲಾರಿಗೆ ಏರಿಸಿದರೆ ಶಬ್ದ, ಹೊತ್ತು, ಆಳು ಎಲ್ಲವೂ ಬೇಕು. ಪೈಪ್ ಹಾಕಿ ಟ್ಯಾಂಕರ್‌ಗೆ ಹರಿಸಿಕೊಂಡರೆ ಖಾಲಿ ಪೀಪಾಯಿ ಇದ್ದಲ್ಲೇ ಇರುತ್ತದೆ. ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕರನ್ನು ನಿಲ್ಲಿಸಿ ಮೂಸಿ ನೋಡುವವರಿಲ್ಲ.

7. ‘ಇಷ್ಟೊಂದು ಕ್ರೂರ ಚಿತ್ರ ಅಂತಾರೆ, ಒಂದು ಕೊಲೆಯೂ ಕಾಣಲ್ಲ.’ ಈ ದೂರು ಸರಿಯೇ?

ಅತಿ ಹೆಚ್ಚು ಕೇಳಿಬರುವ ದೂರು ಇದು, ಮಚ್ಚು-ಲಾಂಗು ಚಿತ್ರಗಳ ಮೇಲೆ ಬೆಳೆದವರಿಂದ ವಿಶೇಷವಾಗಿ. ಲೆಕ್ಕ ಹಾಕಿ ನೋಡಿ. ತುಪ್ಪಳದ ಗೋದಾಮಿಗೆ ಕನ್ನ ಹಾಕಿ ಓಡುವಾಗ ಬೆನ್ನಟ್ಟಿದ ಪೊಲೀಸನ ಸಾವು ಕತ್ತಲ ಸಂದಿಯಲ್ಲಿ. ಪಟ್ಟಿ ನೋಸ್ ಎಂಬ ಹಳೆಯ ಗುರುವಿನ ಕೊಲೆ ಚೌಕಟ್ಟಿನ ಆಚೆ. ಕುದುರೆಯ ಕೊಲೆಯೂ ಹಾಗೇ. ಎದುರಾಳಿ ಬರ್ನ್ಸ್ ಗ್ಯಾಂಗಿನ ಮೇಲೆ ಟಾಮ್ ಮಾಡುವ ದಾಳಿ ಗೋಡೆಯ ಒಳಗೆ, ಕ್ಯಾಮೆರಾ ಮಳೆಯಲ್ಲಿ ಹೊರಗೆ ನಿಂತಿರುತ್ತದೆ. ಟಾಮ್‌ನನ್ನು ಕೊಲ್ಲುವುದನ್ನು ತೋರಿಸುವುದೇ ಇಲ್ಲ. ಕಣ್ಣೆದುರು ಬೀಳುವ ಮುಖ್ಯ ಪಾತ್ರ ಮ್ಯಾಟ್ ಒಬ್ಬನೇ.

ಪಟ್ಟಿ ನೋಸ್ ದೃಶ್ಯವನ್ನು ಹತ್ತಿರದಿಂದ ನೋಡೋಣ. ಹುಡುಗರಿಗೆ ಕಳ್ಳತನ ಕಲಿಸಿ, ಕೈಗೆ ಪಿಸ್ತೂಲು ಕೊಟ್ಟು, ಕಷ್ಟ ಬಂದಾಗ ಬಾಗಿಲು ಹಾಕಿಕೊಂಡವನು ಅವನು. ವರ್ಷಗಳ ಮೇಲೆ ಟಾಮ್ ಅವನನ್ನು ಮನೆವರೆಗೆ ಹಿಂಬಾಲಿಸುತ್ತಾನೆ. ಜೀವ ಉಳಿಸಿಕೊಳ್ಳಲು ಪಟ್ಟಿ ನೋಸ್ ಹಳೆಯ ಸಲುಗೆ ನೆನಪಿಸುತ್ತಾನೆ, ಪಿಯಾನೋ ಮುಂದೆ ಕೂತು ಆ ಹುಡುಗರಿಗೆ ಹಿಂದೆ ಹಾಡಿ ತೋರಿಸುತ್ತಿದ್ದ ಪೋಲಿ ಹಾಡು ಶುರು ಮಾಡುತ್ತಾನೆ. ಟಾಮ್ ನಗುನಗುತ್ತಲೇ ಅವನ ಹಿಂದೆ ನಿಲ್ಲುತ್ತಾನೆ. ಆಗ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿದು ಬಾಗಿಲ ಬಳಿ ನಿಂತ ಮ್ಯಾಟ್‌ನ ಮುಖಕ್ಕೆ ಬರುತ್ತದೆ. ಗುಂಡಿನ ಸದ್ದು. ಹಾಡು ನಡುವೆಯೇ ತುಂಡಾಗುತ್ತದೆ, ಪಿಯಾನೋ ಮನೆಗಳ ಮೇಲೆ ದೇಹ ಬಿದ್ದು ಅಪಸ್ವರ. ಮ್ಯಾಟ್‌ನ ಕಣ್ಣಲ್ಲಿ ಹೇಸಿಗೆಯೋ ಭಯವೋ ಹೇಳಲಾಗದು. ಟಾಮ್ ಚೌಕಟ್ಟಿನೊಳಗೆ ನಡೆದು ಬಂದು, ಗೆಳತಿ ಗ್ವೆನ್ (ಜೀನ್ ಹಾರ್ಲೋ) ಮನೆಗೆ ಬಂದಿರಬೇಕು, ಫೋನ್ ಮಾಡುತ್ತೇನೆ ಎಂಬರ್ಥದ ಮಾತಾಡಿ ಹೊರಟುಬಿಡುತ್ತಾನೆ. ರಕ್ತ ತೋರಿಸಿದ್ದರೆ ಈ ಮಾತಿನ ತಣ್ಣಗಿನ ಏಟು ಅರ್ಧವಾಗುತ್ತಿತ್ತು.

ಮ್ಯಾಟ್ ಸಾಯುವ ಮುಂಚೆ ಇನ್ನೊಂದು ಆಟವಿದೆ. ಬೀದಿಯಲ್ಲಿ ಲಾರಿಯಿಂದ ಕಲ್ಲಿದ್ದಲು ದಡದಡ ಸುರಿಯುವ ಸದ್ದನ್ನು ಮೆಷಿನ್ ಗನ್ ಎಂದುಕೊಂಡು ಇಬ್ಬರೂ ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಪ್ರೇಕ್ಷಕನೂ ನಿರಾಳನಾಗುತ್ತಾನೆ. ಅಷ್ಟರಲ್ಲಿ ಎದುರಿನ ಕಿಟಕಿಯಿಂದ ಅಸಲಿ ಸದ್ದು. ಟಾಕಿ ಬಂದು ನಾಲ್ಕೇ ವರ್ಷವಾಗಿದ್ದ ಕಾಲದಲ್ಲಿ ಶಬ್ದವನ್ನು ಹೀಗೆ ಬಳಸಿದ್ದು ಸಣ್ಣ ಮಾತಲ್ಲ. ಮೊಬೈಲ್ ಸ್ಪೀಕರ್‌ನಲ್ಲಿ ನೋಡಿ ‘ಏನೂ ಆಗಲ್ಲ’ ಎಂದವರು ಒಮ್ಮೆ ಇಯರ್‌ಫೋನ್ ಹಾಕಿ ಮತ್ತೆ ನೋಡಬೇಕು.

8. ಮುಖಕ್ಕೆ ಒತ್ತುವ ಆ ಹಣ್ಣು ಯಾವುದು? ಆ ದೃಶ್ಯದ ಬಗ್ಗೆ ಇಷ್ಟು ಮಾತು ಯಾಕೆ?

ಗ್ರೇಪ್‌ಫ್ರೂಟ್. ಆಟೋ ಅನುವಾದದಲ್ಲಿ ‘ದ್ರಾಕ್ಷಿ’ ಅಂತ ಬಂದರೆ ನಂಬಬೇಡಿ. ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಟ್ಟಿದ ಹಣ್ಣು. ದೇವನಹಳ್ಳಿ ಚಕ್ಕೋತ ತಿಂದವರಿಗೆ ಅದರ ಹುಳಿ-ಕಹಿ ಅಂದಾಜಾಗುತ್ತದೆ. ಬೆಳಗಿನ ತಿಂಡಿಯ ಮೇಜಿನಲ್ಲಿ, ಪೈಜಾಮದಲ್ಲಿ ಕೂತ ಟಾಮ್, ತನ್ನೊಡನಿರುವ ಕಿಟ್ಟಿ (ಮೇ ಕ್ಲಾರ್ಕ್) ಏನೋ ಸಾಧಾರಣ ಮಾತಾಡಿದಳೆಂದು ಕತ್ತರಿಸಿದ ಅರ್ಧ ಹಣ್ಣನ್ನು ಅವಳ ಮುಖಕ್ಕೆ ತಿಕ್ಕುತ್ತಾನೆ. ಕೆಲವೇ ಕ್ಷಣದ ದೃಶ್ಯ.

ಪ್ರೇಕ್ಷಕರು ಎರಡು ಪಾಲಾಗುತ್ತಾರೆ. 1930ರ ದಶಕದಲ್ಲಿ ನಕ್ಕವರು ಬಹಳ. ಹೋಟೆಲಿಗೆ ಹೋದಾಗಲೆಲ್ಲ ಯಾರೋ ಒಬ್ಬರು ತನ್ನ ಮೇಜಿಗೆ ಗ್ರೇಪ್‌ಫ್ರೂಟ್ ಕಳಿಸುತ್ತಿದ್ದರೆಂದು ಕ್ಯಾಗ್ನಿ ಹೇಳಿಕೊಂಡಿದ್ದಾನೆ. ಇವತ್ತಿನ ನೋಡುಗರಿಗೆ ನಗು ಬರುವುದಿಲ್ಲ, ಬರಬಾರದು ಕೂಡ. ದೃಶ್ಯದ ಹುಟ್ಟಿನ ಬಗ್ಗೆ ನಿರ್ದೇಶಕ, ನಿರ್ಮಾಪಕ, ನಟಿ ಒಬ್ಬೊಬ್ಬರೂ ಒಂದೊಂದು ಕಥೆ ಹೇಳಿದ್ದಾರೆ; ಶಿಕಾಗೋದ ಹೈಮಿ ವೈಸ್ ಎಂಬ ಗ್ಯಾಂಗ್‌ಸ್ಟರ್ ಗೆಳತಿಯ ಮುಖಕ್ಕೆ ಆಮ್ಲೆಟ್ ಒತ್ತಿದ್ದನೆಂಬ ದಂತಕಥೆಯೂ ಜೊತೆಗಿದೆ. ಹಿಂಸೆ ಇಲ್ಲಿ ಗುಂಡಿಗಿಂತ ಹೆಚ್ಚು ತಟ್ಟುವುದಕ್ಕೆ ಕಾರಣ ಸರಳ. ಕೊಲೆಗಳು ಬಹುಪಾಲು ಚೌಕಟ್ಟಿನ ಹೊರಗೆ, ಈ ಅವಮಾನ ಮಾತ್ರ ಹಾಡಹಗಲಲ್ಲಿ, ನಮ್ಮ ಮುಂದೆ.

ಮೇ ಕ್ಲಾರ್ಕ್ ಅದೇ ವರ್ಷ ‘ಫ್ರಾಂಕನ್‌ಸ್ಟೈನ್’ನಲ್ಲಿ ನಾಯಕಿ. ಜನ ನೆನಪಿಟ್ಟದ್ದು ಹಣ್ಣನ್ನು.

9. ಚಿಕ್ಕ ಟಾಮ್ ದೊಡ್ಡವನಾಗುವಾಗ ಮುಖವೇ ಬೇರೆ! ಚಿಕ್ಕ ಮ್ಯಾಟ್ ಕ್ಯಾಗ್ನಿಯ ಹಾಗಿದ್ದಾನೆ. ನಮ್ಮದೇ ತಪ್ಪಾ?

ನಿಮ್ಮ ಕಣ್ಣು ಸರಿಯಿದೆ. ಮೊದಲು ಟಾಮ್ ಪಾತ್ರಕ್ಕೆ ಎಡ್ವರ್ಡ್ ವುಡ್ಸ್, ಮ್ಯಾಟ್ ಪಾತ್ರಕ್ಕೆ ಕ್ಯಾಗ್ನಿ ಎಂದು ಗೊತ್ತಾಗಿತ್ತು. ಚಿತ್ರೀಕರಣ ಶುರುವಾದ ಮೇಲೆ ಇಬ್ಬರನ್ನೂ ಅದಲು ಬದಲು ಮಾಡಿದರು. ಬಾಲ್ಯದ ಭಾಗಗಳನ್ನು ಮತ್ತೆ ತೆಗೆಯಲಿಲ್ಲ. ಕ್ಯಾಗ್ನಿಯನ್ನು ಹೋಲುವ ಫ್ರಾಂಕಿ ಡ್ಯಾರೋ ಮ್ಯಾಟ್ ಆಗಿಯೇ ಉಳಿದ. ಆ ಅದಲು ಬದಲು ಆಗದಿದ್ದರೆ ಈ ಪುಟವೂ ಇರುತ್ತಿರಲಿಲ್ಲ ಬಿಡಿ.

10. ಜೀನ್ ಹಾರ್ಲೋ ನಟನೆ ಇಷ್ಟು ಮರಮರ ಯಾಕೆ?

ಹಾರ್ಲೋ ಅಭಿಮಾನಿಗಳೂ ಒಪ್ಪುವ ಮಾತು ಇದು. ಗ್ವೆನ್ ಪಾತ್ರಕ್ಕೆ ಮಾತು ಉದ್ದ, ಕೆಲಸ ಕಡಿಮೆ. ನೀನು ಕೊಡುವವನಲ್ಲ, ಕಿತ್ತುಕೊಳ್ಳುವವನು ಎಂಬಂಥ ಸಾಲುಗಳನ್ನು ಇಪ್ಪತ್ತರ ಹುಡುಗಿಯ ಬಾಯಿಗೆ ಹಾಕಿದ್ದಾರೆ. ಮುಂದೆ ಹಾಸ್ಯ ಪಾತ್ರಗಳಲ್ಲಿ ಅವಳು ಚಿನ್ನ. 1937ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡಳು. ಇಲ್ಲಿ ಹೆಣ್ಣು ಪಾತ್ರಗಳಲ್ಲಿ ಜೀವಂತಿಕೆ ಇರುವುದು ಜೋನ್ ಬ್ಲಾಂಡೆಲ್‌ಗೆ, ಅವಳಿಗೆ ಕೊಟ್ಟ ಜಾಗವೇ ಸಾಲದು.

11. ಅಣ್ಣ ಮೈಕ್ ಒಳ್ಳೆಯವನು, ಆದರೂ ಸಹಿಸೋಕೆ ಆಗಲ್ಲ. ಉದ್ದೇಶಪೂರ್ವಕವೇ?

ಒಬ್ಬ ಒಳ್ಳೆಯ ಮಗ, ಒಬ್ಬ ಕೆಟ್ಟ ಮಗ, ಮಧ್ಯೆ ತಾಯಿ. ಈ ಸೂತ್ರ ನಮಗೆ ಹೊಸದಲ್ಲ, ತಾಯಿ ಸೆಂಟಿಮೆಂಟ್ ನೋಡುತ್ತಲೇ ಬೆಳೆದವರು ನಾವು. ಅದಕ್ಕೇ ಕನ್ನಡದ ಪ್ರೇಕ್ಷಕ ಮೈಕ್‌ನಲ್ಲಿ ‘ದೇವರಂಥ ಅಣ್ಣ’ನನ್ನು ನಿರೀಕ್ಷಿಸುತ್ತಾನೆ. ಸಿಗುವುದು ಹಗಲು ಟ್ರಾಮ್ ಕಂಡಕ್ಟರ್ ಕೆಲಸ, ರಾತ್ರಿ ಶಾಲೆ ಎಂದು ಬೆವರು ಹರಿಸಿ, ಸದಾ ಸಿಡುಕುವ ಮನುಷ್ಯ. ಬಡವನಾಗುವುದು ಹೇಗೆಂದು ಕಲಿಯುತ್ತಿದ್ದಾನೆ ಎಂದು ಟಾಮ್ ಗೇಲಿ ಮಾಡುತ್ತಾನೆ, ಪ್ರೇಕ್ಷಕ ನಗುತ್ತಾನೆ, ಅಲ್ಲಿಗೆ ಮೈಕ್ ಸೋತ.

ಆದರೆ ಊಟದ ಮೇಜಿನ ದೃಶ್ಯಕ್ಕೆ ಬಂದಾಗ ಅಷ್ಟು ಸಲೀಸಲ್ಲ. ಯುದ್ಧದಿಂದ ಮನಸ್ಸು, ಮೈ ಎರಡೂ ನಜ್ಜಾಗಿ ಮರಳಿದ ಮೈಕ್‌ಗೆ ಸ್ವಾಗತದ ಊಟ. ಮೇಜಿನ ನಡುವೆ ಟಾಮ್ ಮತ್ತು ಮ್ಯಾಟ್ ತಂದಿಟ್ಟ ಬಿಯರ್ ಪೀಪಾಯಿ. ಅದನ್ನು ಸುತ್ತಿ ಬಗ್ಗಿ ಎದುರಿನವರ ಮುಖ ನೋಡಬೇಕು. ಎಲ್ಲರೂ ಕುಡಿಯುತ್ತಾರೆ, ಮೈಕ್ ಮುಟ್ಟುವುದಿಲ್ಲ. ಕೊನೆಗೆ ಆ ಪೀಪಾಯಿಯಲ್ಲಿ ಬಿಯರ್ ಜೊತೆ ರಕ್ತವೂ ಇದೆ ಎಂದು ಕೂಗಿ ಎತ್ತಿ ಎಸೆಯುತ್ತಾನೆ. ಟಾಮ್ ತಿರುಗೇಟು ಕೊಡುತ್ತಾನೆ: ನಿನ್ನ ಕೈಯೇನು ಶುದ್ಧವೇ, ಜರ್ಮನರ ಕೈ ಕುಲುಕಿ ಪದಕ ತಂದೆಯಾ? ಮೈಕ್ ಬಳಿ ಉತ್ತರವಿಲ್ಲ. ಚಿತ್ರವೂ ಉತ್ತರ ಕೊಡುವುದಿಲ್ಲ. ವೆಲ್‌ಮನ್ ಸ್ವತಃ ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು, ಆ ಸಾಲು ಸುಮ್ಮನೆ ಬಂದದ್ದಲ್ಲ.

12. ಕಥೆ ತುಂಡು ತುಂಡು ಅನಿಸುತ್ತದೆ.

ಹೌದು, ಹಾಗೇ ಇದೆ. 1909, 1915, 1917, 1920 ಎಂದು ವರ್ಷಗಳ ಫಲಕ ಹಾಕಿ ಜಿಗಿಯುತ್ತದೆ. 1920ರ ನಂತರ ಫಲಕಗಳೂ ನಿಲ್ಲುತ್ತವೆ, ಹಾಗಾಗಿ ಎಷ್ಟು ಕಾಲ ಕಳೆಯಿತೆಂದು ತಿಳಿಯದೆ ಕೆಲವರು ತಬ್ಬಿಬ್ಬಾಗುತ್ತಾರೆ. ಬಟ್ಟೆ ನೋಡಿ ಹಿಡಿಯಿರಿ: ಟಾಮ್‌ನ ಸೂಟ್ ದುಬಾರಿಯಾದಷ್ಟೂ ಕಥೆ ಮುಂದೆ ಹೋಗಿದೆ.

13. ರೌಡಿಯನ್ನು ಹೀರೋ ಮಾಡಿದ್ದಾರಲ್ಲ?

ತಯಾರಕರು ಹಾಗಲ್ಲ ಅನ್ನುತ್ತಾರೆ. ಪುಂಡನನ್ನು ವೈಭವೀಕರಿಸುವುದು ನಮ್ಮ ಇಂಗಿತವಲ್ಲ ಎಂದು ಶುರುವಿನಲ್ಲೇ ಫಲಕ, ಇದು ಸಮಾಜ ಬಗೆಹರಿಸಬೇಕಾದ ಸಮಸ್ಯೆ ಎಂದು ಕೊನೆಯಲ್ಲಿ ಇನ್ನೊಂದು. ನಡುವಿನಲ್ಲಿ ಕ್ಯಾಗ್ನಿ ನಡೆಯುವ ಶೈಲಿ, ಹುಸಿ ಗುದ್ದು ಕೊಟ್ಟು ಮುದ್ದಿಸುವ ಪರಿ ನೋಡಿದ ಮೇಲೆ ಫಲಕ ಓದಿದವರಾರು? ಅವನು ಮೊದಲು ವೇದಿಕೆಯ ನೃತ್ಯಗಾರ, ಅದು ಪಾದದಲ್ಲಿ ಕಾಣುತ್ತದೆ.

ಈ ವಾದ ಇವತ್ತಿನದಲ್ಲ. ಬಿಡುಗಡೆಯಾದಾಗ ನ್ಯೂಯಾರ್ಕ್ ಟೈಮ್ಸ್ ವಿಮರ್ಶಕ ಕಥೆ ದುರ್ಬಲ, ನಟನೆ ಗಟ್ಟಿ ಎಂದು ಬರೆದ. ಜೊತೆಗೆ, ಚಿತ್ರಮಂದಿರದಲ್ಲಿ ಜನ ಖುಷಿಯಿಂದ ನಗುತ್ತಿದ್ದುದರಿಂದ ತಯಾರಕರು ಉದ್ದೇಶಿಸಿದ ಕ್ರೌರ್ಯದ ಮೊನಚು ಮೊಂಡಾಯಿತು ಎಂದೂ ಗಮನಿಸಿದ. ಪ್ರೇಕ್ಷಕರ ಅಭಿಪ್ರಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಫಲಕ ಹಾಕಿದವರು ಒಂದು ಚಿತ್ರ ಮಾಡಿದರು, ನಕ್ಕವರು ಇನ್ನೊಂದು ನೋಡಿದರು. ಈ ಬಗೆಯ ಚಿತ್ರಗಳ ವಿರುದ್ಧ ಎದ್ದ ಗಲಾಟೆಯೂ ಸೇರಿ 1934ರ ಮಧ್ಯದಿಂದ ಹಾಲಿವುಡ್‌ನ ಸ್ವಯಂ ಸೆನ್ಸಾರ್ ಬಿಗಿಯಾಯಿತು.

ನಮ್ಮ ಎಣಿಕೆಯಲ್ಲಿ ಚಿತ್ರ ಟಾಮ್‌ನನ್ನು ಮೆಚ್ಚುತ್ತದೆ, ಅವನ ಬದುಕನ್ನು ಮೆಚ್ಚುವುದಿಲ್ಲ. ಬಾಲ್ಯದಲ್ಲಿ ಪೊಲೀಸ್ ಸಮವಸ್ತ್ರದ ಅಪ್ಪ ಒಂದು ಮಾತೂ ಆಡದೆ, ಕತ್ತಿ ಮಸೆಯುವ ಚರ್ಮದ ಪಟ್ಟಿ ಹಿಡಿದು ಬರುತ್ತಾನೆ. ಚಡ್ಡಿ ಇಳಿಸಲೋ ಬೇಡವೋ ಎಂದು ಹುಡುಗ ಕೇಳುವ ರೀತಿಯಲ್ಲಿ ಆ ಮನೆಯ ಪೂರ್ತಿ ಚರಿತ್ರೆ ಇದೆ.

14. ಕುದುರೆ ಕೊಲ್ಲುವ ದೃಶ್ಯ ನಿಜ ಘಟನೆಯಾ?

ಅರ್ಧ ಚರಿತ್ರೆ, ಅರ್ಧ ಪುಕಾರು. ಚಿತ್ರದಲ್ಲಿ ಟಾಮ್ ಗ್ಯಾಂಗಿನ ನಾಯಕನಾದ ನೈಲ್ಸ್ ನೇಥನ್ ಹಿಂದಿರುವವನು ಶಿಕಾಗೋದ ಸ್ಯಾಮ್ಯುಯೆಲ್ ‘ನೈಲ್ಸ್’ ಮಾರ್ಟನ್. 1923ರಲ್ಲಿ ಸವಾರಿ ಮಾಡುವಾಗ ಕುದುರೆಯಿಂದ ಬಿದ್ದು ಸತ್ತ. ಸೇಡಿಗೆ ಗೆಳೆಯರು ಕುದುರೆಯನ್ನೇ ಗುಂಡಿಟ್ಟು ಕೊಂದರು ಎಂಬುದು ಆಗಿನಿಂದ ಓಡಾಡುತ್ತಿರುವ ಕಥೆ. ಟಾಮ್ ಲಾಯಕ್ಕೆ ಹೋಗಿ ಮೊದಲು ಬೆಲೆ ಕೇಳಿ, ಹಣ ಕೊಟ್ಟು, ಆಮೇಲೆ ಒಳಗೆ ಹೋಗುತ್ತಾನೆ. ಇಡೀ ಚಿತ್ರದಲ್ಲಿ ಅವನು ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಅಪರೂಪದ ಸರಕು ಅದು.

15. ನಿಜವಾದ ಗುಂಡು ಹಾರಿಸಿದ್ದು ಹೌದೇ?

ಹೌದು. ಮೂಲೆಯ ಗೋಡೆಯ ಹಿಂದೆ ಕ್ಯಾಗ್ನಿ ತಲೆ ಎಳೆದುಕೊಂಡ ಕೂಡಲೇ ಗೋಡೆ ಚೂರಾಗುವುದು ಗುರಿಕಾರನೊಬ್ಬ ಹಾರಿಸಿದ ಅಸಲಿ ಗುಂಡಿನಿಂದ. ಮೈಕ್ ಹೊಡೆಯುವ ಗುದ್ದು ಕೂಡ ಅಸಲಿ, ಕ್ಯಾಗ್ನಿಯ ಹಲ್ಲು ಮುರಿದಿತ್ತು.

16. ಯಾವ ಪ್ರತಿ ನೋಡಬೇಕು? ಅವಧಿ ಒಂದೊಂದು ಕಡೆ ಒಂದೊಂದು ಇದೆ.

ಅಭಿಪ್ರಾಯಭೇದದ ಅರ್ಧ ಇಲ್ಲೇ ಹುಟ್ಟುತ್ತದೆ, ಸ್ವಲ್ಪ ತಾಳ್ಮೆಯಿಂದ ಪರೀಕ್ಷಿಸಿ. ಬಿಗಿ ಸೆನ್ಸಾರ್ ಬಂದ ಮೇಲೆ ಮರುಬಿಡುಗಡೆಗಾಗಿ ಕೆಲವು ಭಾಗ ಕತ್ತರಿಸಿದ್ದರು. 2005ರ ಡಿವಿಡಿಯಲ್ಲಿ ಅವು ಮರಳಿ ಸೇರಿದವು. ಪೂರ್ತಿ ಪ್ರತಿ ಸುಮಾರು 84 ನಿಮಿಷ.

ಅವಧಿ ನೋಡಿ ತೀರ್ಮಾನಿಸಬೇಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ನಮ್ಮ ಹಳೆಯ ಟಿವಿಯ ಪಾಲ್ ಪದ್ಧತಿ 25. ಪಾಲ್‌ಗೆ ಇಳಿಸಿದ ಡಿಸ್ಕ್‌ನಲ್ಲಿ 84 ನಿಮಿಷದ ಚಿತ್ರ ಸುಮಾರು 80 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ, ಏನೂ ಕತ್ತರಿಸದೆಯೂ. ದೃಶ್ಯಗಳನ್ನೇ ನೋಡಿ ಖಾತ್ರಿ ಮಾಡಿಕೊಳ್ಳಿ. ಟಾಮ್ ಮೊದಲ ದೊಡ್ಡ ದುಡ್ಡಿನಲ್ಲಿ ಸೂಟ್ ಹೊಲಿಸಲು ಹೋದಾಗ ಟೈಲರ್ ಒಯ್ಯಾರದಿಂದ ಅಳತೆ ತೆಗೆಯುವ ದೃಶ್ಯ ಇರಬೇಕು. ಮ್ಯಾಟ್ ಮತ್ತು ಅವನ ಹುಡುಗಿ ಮೇಮಿ (ಜೋನ್ ಬ್ಲಾಂಡೆಲ್) ಹಾಸಿಗೆಯಲ್ಲಿ ಹೊರಳಾಡುವ ತುಣುಕು ಇರಬೇಕು. ಹುಡುಗರನ್ನು ದಂಧೆಗೆ ತಂದ ಪ್ಯಾಡಿ ರಯಾನ್‌ನ ಗೆಳತಿಯ ಮನೆಯಲ್ಲಿ ಅಡಗಿದ್ದಾಗ ಅವಳು ಕುಡಿದ ಟಾಮ್‌ನನ್ನು ಬಲೆಗೆ ಹಾಕಿಕೊಳ್ಳುವ ರಾತ್ರಿ ಇರಬೇಕು. ಮೂರನೆಯದು ಇಲ್ಲದಿದ್ದರೆ ಕಥೆಗೇ ಪೆಟ್ಟು: ಮರುದಿನ ಬೆಳಿಗ್ಗೆ ಅದು ತಿಳಿದು ಹೇಸಿ ಅಡಗುತಾಣದಿಂದ ಟಾಮ್ ಹೊರನಡೆಯುತ್ತಾನೆ, ಅವನ ಹಿಂದೆ ಬಂದ ಮ್ಯಾಟ್ ಸಾಯುತ್ತಾನೆ. ಕತ್ತರಿ ಬಿದ್ದ ಪ್ರತಿ ನೋಡಿದವರು ‘ಸುರಕ್ಷಿತ ಜಾಗ ಬಿಟ್ಟು ಯಾಕೆ ಬಂದ?’ ಎಂದು ಕೇಳುವುದು ಅದಕ್ಕೇ.

17. ಸಬ್‌ಟೈಟಲ್ ಶುರುವಿನಲ್ಲಿ ಸರಿ, ಆಮೇಲೆ ಹಿಂದೆ ಬೀಳುತ್ತದೆ.

ಅದೇ 24-25ರ ರಗಳೆ. 24ರ ಲೆಕ್ಕದ ಸಬ್‌ಟೈಟಲ್ ಕಡತವನ್ನು 25ರ ವಿಡಿಯೋಗೆ ಹಾಕಿದರೆ ಅರ್ಧ ಗಂಟೆಯ ಹೊತ್ತಿಗೆ ಸುಮಾರು 72 ಸೆಕೆಂಡ್ ತಡವಾಗುತ್ತದೆ. ವಿಎಲ್‌ಸಿಯಲ್ಲಿ ಜಿ, ಎಚ್ ಕೀ ಒತ್ತಿ ಹಿಂದೆ ಮುಂದೆ ಸರಿಸಿದರೆ ಆ ಕ್ಷಣಕ್ಕೆ ಸರಿಯಾಗಿ, ಹತ್ತು ನಿಮಿಷಕ್ಕೆ ಮತ್ತೆ ತಪ್ಪುತ್ತದೆ. ಸರಿಸುವುದಲ್ಲ, ವೇಗ ಬದಲಿಸಬೇಕು. ಇಲ್ಲವೇ ನಿಮ್ಮ ವಿಡಿಯೋ ಅವಧಿಗೆ ಹೊಂದುವ ಬೇರೆ ಕಡತ ಹುಡುಕಿ. ಶುರುವಿನಿಂದಲೇ ಒಂದೇ ಅಂತರದಲ್ಲಿ ತಪ್ಪಿದ್ದರೆ ಮಾತ್ರ ಜಿ, ಎಚ್ ಸಾಕು.

18. ಟಿವಿಯಲ್ಲಿ ಎಲ್ಲರೂ ದಪ್ಪ ಕಾಣುತ್ತಾರೆ.

ಚಿತ್ರವನ್ನು ಎಳೆದು ಅಗಲ ಮಾಡಿದ್ದಾರೆ. ಇದು ಹೆಚ್ಚುಕಡಿಮೆ 4:3ರ ಚೌಕಟ್ಟು. 55 ಇಂಚಿನ ಟಿವಿಯ ಪರದೆ 48 ಇಂಚು ಅಗಲ. ಚಿತ್ರ ನಡುವೆ 36-37 ಇಂಚಿನಲ್ಲಿ ನಿಂತು, ಎರಡೂ ಬದಿ ಕಪ್ಪು ಉಳಿಯಬೇಕು. ಆ ಕಪ್ಪು ಪಟ್ಟಿ ತಪ್ಪಲ್ಲ. ಜೂಮ್ ಮಾಡಿದರೆ ತಲೆ, ಕಾಲು ಹೋಗುತ್ತವೆ, ಕ್ಯಾಗ್ನಿ ಕಾಲಿನಲ್ಲೂ ನಟಿಸುವವನು. ಚಲನೆಯನ್ನು ನಯಗೊಳಿಸುವ ಟಿವಿಯ ‘ಮೋಷನ್ ಸ್ಮೂದಿಂಗ್’ ಸೆಟ್ಟಿಂಗ್ ಆಫ್ ಮಾಡಿ. ಬೇಸ್ ತಗ್ಗಿಸಿ, ಸರೌಂಡ್ ಬಿಟ್ಟು ಸರಳ ಸ್ಟೀರಿಯೋ ಇಡಿ. ಹಳೆಯ ಧ್ವನಿಪಟ್ಟಿಯ ಗುಂಯ್‌ಗುಡುವಿಕೆ ಕಡಿಮೆಯಾಗಿ ಮಾತು ಬಿಡಿಸಿ ಕೇಳುತ್ತದೆ.

19. ಚಿತ್ರ ಸಮಾಜದಲ್ಲಿ ತೋರಿಸುವುದಾದರೆ?

ಇಂಟರ್ವಲ್ ಬೇಡ, 84 ನಿಮಿಷವಷ್ಟೇ. ಕೊಡಲೇಬೇಕೆಂದರೆ ಊಟದ ಮೇಜಿನ ಜಗಳ ಮುಗಿದು ಟಾಮ್ ಹೊರಟುಹೋದ ಕಡೆ ನಿಲ್ಲಿಸಿ. ಚಿತ್ರಕ್ಕೆ ಮುಂಚೆ ಎರಡೇ ಮಾತು ಹೇಳಿ: 0.5ರ ಗೆರೆ, ಮತ್ತು ಬಿಡುಗಡೆಯಾದಾಗ ನಿಷೇಧ ಇನ್ನೂ ಜಾರಿಯಲ್ಲಿತ್ತು ಎಂಬುದು (ರದ್ದಾದದ್ದು 1933ರ ಡಿಸೆಂಬರ್ 5ರಂದು). ಕೊನೆಯ ದೃಶ್ಯ ಮುಗಿದ ತಕ್ಷಣ ದೀಪ ಹಾಕಬೇಡಿ.

20. ಕೊನೆಯ ದೃಶ್ಯದಲ್ಲಿ ನಿಜಕ್ಕೂ ಏನಾಗುತ್ತದೆ? ಅವನು ಬದುಕಿ ಬಂದನಾ?

ಇಲ್ಲ. ಗುಂಡೇಟು ತಿಂದು ಆಸ್ಪತ್ರೆಯಲ್ಲಿದ್ದ ಟಾಮ್ ಅಮ್ಮ, ಅಣ್ಣನೊಡನೆ ರಾಜಿಯಾಗಿದ್ದಾನೆ. ಬರ್ನ್ಸ್ ಗ್ಯಾಂಗ್ ಅಲ್ಲಿಂದಲೇ ಅವನನ್ನು ಎತ್ತಿಕೊಂಡು ಹೋಗುತ್ತದೆ. ಟಾಮ್ ಮನೆಗೆ ಬರುತ್ತಿದ್ದಾನೆ ಎಂದು ಫೋನ್. ತಾಯಿ ಮಹಡಿಯಲ್ಲಿ ಗುನುಗುತ್ತ ಹಾಸಿಗೆ ಸರಿಮಾಡುತ್ತಾಳೆ, ಕೆಳಗೆ ಗ್ರಾಮಫೋನಿನಲ್ಲಿ ಗುಳ್ಳೆ ಊದುವ ಆ ಹಳೆಯ ಜನಪ್ರಿಯ ಹಾಡು. ಬಾಗಿಲು ಬಡಿದ ಸದ್ದು. ಮೈಕ್ ತೆರೆಯುತ್ತಾನೆ. ಬ್ಯಾಂಡೇಜು, ಕಂಬಳಿ, ಹಗ್ಗದಲ್ಲಿ ಸುತ್ತಿದ ಟಾಮ್ ನಿಂತಿದ್ದಾನೆ. ಒಂದು ಕ್ಷಣ ತೂಗಾಡಿ, ಮುಖ ಅಡಿಯಾಗಿ ಮನೆಯೊಳಕ್ಕೆ ಬೀಳುತ್ತಾನೆ. ಮಹಡಿಯಲ್ಲಿ ಗುನುಗು ನಿಂತಿಲ್ಲ. ಮೈಕ್ ಎದ್ದು ಕ್ಯಾಮೆರಾದತ್ತ ತಡವರಿಸುತ್ತ ಬರುತ್ತಾನೆ. ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಕಿರುಗುಟ್ಟುತ್ತ ಸುತ್ತುತ್ತಲೇ ಇರುತ್ತದೆ. ‘ಮಮ್ಮಿ ತರಹ ಬಿದ್ದ, ನಗು ಬಂತು’ ಎನ್ನುವವರು ಕೆಲವರಿದ್ದಾರೆ. ಅವರು ಬಹುಶಃ ಮಹಡಿಯ ಗುನುಗು ಕೇಳಿಸಿಕೊಂಡಿಲ್ಲ.

21. ಕ್ಯಾಗ್ನಿಯ ಹೆಸರಿನಲ್ಲಿ ಮಿಮಿಕ್ರಿ ಮಾಡುವವರೆಲ್ಲ ಹೇಳುವ ‘ಕೊಳಕು ಇಲಿ’ ಡೈಲಾಗ್ ಎಲ್ಲಿದೆ?

ಈ ಚಿತ್ರದಲ್ಲಿಲ್ಲ. ಅದಕ್ಕೆ ಹತ್ತಿರದ ಸಾಲು 1932ರ ಅವನ ಮತ್ತೊಂದು ಚಿತ್ರದಲ್ಲಿದೆ.

22. ಇದಾದ ಮೇಲೆ ಯಾವುದು ನೋಡಲಿ?

ಇದಕ್ಕಿಂತ ಕೆಲವೇ ತಿಂಗಳು ಮುಂಚಿನ ‘ಲಿಟ್ಲ್ ಸೀಸರ್’, ಆಮೇಲೆ 1932ರ ‘ಸ್ಕಾರ್‌ಫೇಸ್’. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಹಾಕಿದ ಹತ್ತು ಗ್ಯಾಂಗ್‌ಸ್ಟರ್ ಚಿತ್ರಗಳ ಪಟ್ಟಿಯಲ್ಲಿ ‘ಸ್ಕಾರ್‌ಫೇಸ್’ 6ನೆಯದು, ನಮ್ಮ ಚಿತ್ರ 8ನೆಯದು, ‘ಲಿಟ್ಲ್ ಸೀಸರ್’ 9ನೆಯದು. ಕೊನೆಗೆ 1939ರ ‘ದಿ ರೋರಿಂಗ್ ಟ್ವೆಂಟೀಸ್’ ನೋಡಿ; ಅದೇ ಕ್ಯಾಗ್ನಿ, ಅದೇ ದಂಧೆ. ಆದರೆ ಆ ಹೊತ್ತಿಗೆ ನಿಷೇಧ ಸತ್ತು ಆರು ವರ್ಷ, ಕಳ್ಳ ಮದ್ಯದ ಕಾಲವೇ ಹಳೆಯ ನೆನಪಾಗಿತ್ತು. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

23. ಉಚಿತವಾಗಿ ಸಿಗುತ್ತದೆಯೇ?

ಅಮೆರಿಕದಲ್ಲಿ 1931ರ ಚಿತ್ರಗಳ ಹಕ್ಕು 95 ವರ್ಷ ನಡೆಯುತ್ತದೆ, 2027ರ ಜನವರಿ 1ಕ್ಕೆ ಬಿಡುಗಡೆ. ಆಮೇಲೆ ಎಲ್ಲೆಂದರಲ್ಲಿ ಪ್ರತಿಗಳು ಸಿಗುತ್ತವೆ. ಆಗಲೂ ಮೊದಲು ಟೈಲರ್ ಇದ್ದಾನೋ ಇಲ್ಲವೋ ನೋಡಿಕೊಳ್ಳಿ.